ಅಸಲು ಉಳಿಯಲಿ, ಫಲ ಹಂಚಿಕೆಯಾಗಲಿ: ಮಸೀದಿ ಕಮಿಟಿಗಳಿಗೆ, ವಕ್ಫ್ ಮಂಡಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಸೀದಿ ಕಮಿಟಿಗಳ ಹಿರಿಯರಿಗೆ, ವಕ್ಫ್ ಆಸ್ತಿ ನೋಡಿಕೊಳ್ಳುವ ಮುತವಲ್ಲಿಗಳಿಗೆ, ಧರ್ಮಶಾಸ್ತ್ರ ಬಲ್ಲ ಆಲಿಮ್ ಸಾಹೇಬರಿಗೆ ಮತ್ತು ರಾಜ್ಯ ವಕ್ಫ್ ಮಂಡಳಿಯ ಸದಸ್ಯರಿಗೆ,

ಅಸ್ಸಲಾಮು ಅಲೈಕುಮ್.

ಬಡ್ಡಿ ಹರಾಮ್ ಅನ್ನುವುದು ನಮ್ಮ ಮಕ್ಕಳಿಗೂ ಗೊತ್ತು. ಆದರೂ ನಮ್ಮ ಬಡ ಮೊಹಲ್ಲಾಗಳಲ್ಲಿ ಬಡ್ಡಿ ಕಟ್ಟದ ಮನೆ ಹುಡುಕುವುದು ಕಷ್ಟ. ವಾರಕ್ಕೊಂದು ಕಂತು, ಹದಿನೈದು ದಿನಕ್ಕೊಂದು ಕಂತು, ತಿಂಗಳಿಗೊಂದು ಕಂತು. ಕಟ್ಟುವವರು ಜಾಸ್ತಿ ಹೆಣ್ಣುಮಕ್ಕಳೇ. ಈ ಪತ್ರ ಅವರ ಸಲುವಾಗಿ. ನಿಮ್ಮ ಕೈಯಲ್ಲಿ ಜಕಾತ್ (ಉಳ್ಳವರು ಕೊಡಲೇಬೇಕಾದ ದಾನ) ಇದೆ, ಸದಕಾ (ಮನಸ್ಸಿನಿಂದ ಕೊಡುವ ದಾನ) ಇದೆ, ವಕ್ಫ್ ಆಸ್ತಿ (ದೇವರ ಹೆಸರಲ್ಲಿ ಶಾಶ್ವತವಾಗಿ ಬಿಟ್ಟುಕೊಟ್ಟದ್ದು) ಇದೆ. ಇವನ್ನು ಒಂದು ರಂಜಾನ್‌ಗೆ ಮುಗಿಸದೆ, ಮುಂದಿನ ತಲೆಮಾರಿನವರೆಗೂ ಬಾಳುವ ಹಾಗೆ ಬಳಸಿ ಅಂತ ಕೇಳಲು ಬರೆಯುತ್ತಿದ್ದೇನೆ.

ನಾನು ಹಾವೇರಿ ಕಡೆಯವಳು. ಹೆಣ್ಣುಮಕ್ಕಳ ಸಂಘಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. 50,000 ರೂಪಾಯಿ ಸಾಲ, ವರ್ಷಕ್ಕೆ 24% ಬಡ್ಡಿ, ಎರಡು ವರ್ಷದ ಅವಧಿ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 2,640 ರೂಪಾಯಿ ಆಗುತ್ತದೆ. ತೀರಿಸುವ ಹೊತ್ತಿಗೆ ಸುಮಾರು 63,400 ರೂಪಾಯಿ ಕಟ್ಟಿರುತ್ತಾರೆ. ವಿಮೆ, ಅರ್ಜಿ ಖರ್ಚು ಬೇರೆ. ಆ ದುಡ್ಡಿನಲ್ಲಿ ಹೊಲಿಗೆ ಮೆಷಿನ್ನೋ ಎಮ್ಮೆಯೋ ಬಂದಿದ್ದರೆ ಹೇಗೋ ತೀರುತ್ತದೆ. ಆಸ್ಪತ್ರೆಗೆ ಹೋಗಿದ್ದರೆ, ಮಳೆ ಕೈಕೊಟ್ಟ ವರ್ಷ ಮನೆ ರೇಷನ್ನಿಗೆ ಹೋಗಿದ್ದರೆ, ಅದರಿಂದ ಒಂದು ಪೈಸೆ ಹುಟ್ಟುವುದಿಲ್ಲ. ಆಗ ಒಂದು ಮೈಕ್ರೋಫೈನಾನ್ಸ್ ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯಲ್ಲಿ ಸಾಲ. ಆಮೇಲೆ ಮೂರನೆಯದು. ನಾನು ಬರೆಯುವ ಪುಸ್ತಕಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಬರುತ್ತದೆ.

2025ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ಅಂತ ನಿಮಗೆ ನೆನಪಿದೆ. ಕಂತಿನ ಕಾಟಕ್ಕೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಜೀವ ಕಳೆದುಕೊಂಡವರೂ ಇದ್ದಾರೆ. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾನೂನೂ ಆಯಿತು. ಸಾಲ ವಸೂಲಿಗೆ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದು ಬೇಕಿತ್ತು, ಬಂದಿದ್ದು ಒಳ್ಳೆಯದಾಯಿತು. ಆದರೆ ಮಗುವಿಗೆ ಜ್ವರ ಬಂದ ರಾತ್ರಿ 5,000 ರೂಪಾಯಿ ಎಲ್ಲಿಂದ ತರಬೇಕು ಅನ್ನುವ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇಲ್ಲ. ಆ ಉತ್ತರ ಮೊಹಲ್ಲಾದಲ್ಲೇ ಹುಟ್ಟಬೇಕು.

ಹುಟ್ಟಲಿಕ್ಕೆ ಬೇಕಾದ್ದೆಲ್ಲ ನಮ್ಮ ಹತ್ತಿರ ಇದೆ. ಬಡ್ಡಿಯನ್ನು ನಿಷೇಧಿಸಿದ ಕುರ್‌ಆನ್, ಅದೇ ಸೂರಾ ಅಲ್ ಬಕರಾದಲ್ಲಿ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲ ಆಗುವ ತನಕ ಕಾಯಿರಿ, ಬಿಟ್ಟೇಬಿಟ್ಟರೆ ನಿಮಗೆ ಇನ್ನೂ ಒಳ್ಳೆಯದು ಅನ್ನುತ್ತದೆ. ಅದಾದ ಸ್ವಲ್ಪದರಲ್ಲೇ ಬರುವ ಉದ್ದನೆಯ ಆಯತ್, ಸಾಲವನ್ನು ಸಾಕ್ಷಿ ಇಟ್ಟು ಬರೆದಿಡಿ ಅನ್ನುತ್ತದೆ. ಅಂದರೆ ಸಾಲ ಕೊಡುವುದು, ಬರೆದಿಡುವುದು, ಕಾಯುವುದು, ಎಲ್ಲವೂ ದೀನಿನ ಕೆಲಸವೇ. ನಾವು ನಿಷೇಧವನ್ನು ಹಿಡಿದುಕೊಂಡೆವು. ಬ್ಯಾಂಕಿನಲ್ಲಿ ಬಿದ್ದ ಬಡ್ಡಿಯನ್ನು ಏನು ಮಾಡಬೇಕು ಅಂತ ಆಲಿಮರ ಹತ್ತಿರ ಮಸಲಾ, ಅಂದರೆ ಧರ್ಮದ ತೀರ್ಮಾನ, ಕೇಳುತ್ತೇವೆ. ಬಡ್ಡಿ ಇಲ್ಲದ ಸಾಲ, ನಾವೆಲ್ಲ ಕರ್ಜೆ ಹಸನಾ ಅಂತ ಹೇಳುವುದು, ಅದನ್ನು ಕೊಡುವ ಒಂದು ಮೇಜು ಎಷ್ಟು ಮಸೀದಿಗಳ ಪಕ್ಕದಲ್ಲಿದೆ? ಅದಿಲ್ಲದೆ ಬಡ್ಡಿ ಬೇಡ ಅಂತ ಬಡವರಿಗೆ ಹೇಳುವುದು ನನಗೆ ಅನ್ಯಾಯ ಅನಿಸುತ್ತದೆ. ಇದನ್ನು ಗೌರವದಿಂದಲೇ ಹೇಳುತ್ತಿದ್ದೇನೆ.

ಇದು ಆಗದ ಕೆಲಸವೇನಲ್ಲ. 2001ರಲ್ಲಿ ಲಾಹೋರಿನಲ್ಲಿ ಡಾ. ಅಮ್ಜದ್ ಸಾಕಿಬ್ ಮತ್ತು ಅವರ ಗೆಳೆಯರು ಒಬ್ಬ ವಿಧವೆಗೆ 10,000 ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟರು. ಆಕೆ ಅದನ್ನು ಪೂರ್ತಿ ತೀರಿಸಿದರು. ಅಲ್ಲಿಂದ ಶುರುವಾದ ಅಖೂವತ್ ಸಂಸ್ಥೆ ಇವತ್ತು ಲಕ್ಷಾಂತರ ಮನೆಗಳನ್ನು ಮುಟ್ಟಿದೆ. 99%ಕ್ಕಿಂತ ಜಾಸ್ತಿ ಸಾಲ ವಾಪಸ್ ಬರುತ್ತದೆ ಅಂತ ಅವರ ಲೆಕ್ಕ ಹೇಳುತ್ತದೆ. 2021ರಲ್ಲಿ ಡಾ. ಸಾಕಿಬ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನನಗೆ ಜಾಸ್ತಿ ಹಿಡಿಸಿದ್ದು ಅವರು ಕೆಲಸ ಮಾಡುವ ರೀತಿ. ಸಾಲದ ಹಣವನ್ನು ಮಸೀದಿಯಲ್ಲಿ ಎಲ್ಲರ ಎದುರಿಗೆ ಹಂಚುತ್ತಾರೆ, ಚರ್ಚುಗಳಲ್ಲೂ ಹಂಚುತ್ತಾರೆ. ಪಡೆಯುವವರ ಧರ್ಮ ಕೇಳುವುದಿಲ್ಲ. ಸಾಲ ತೀರಿಸಿದ ಎಷ್ಟೋ ಜನ ಆಮೇಲೆ ತಾವೇ ಚಂದಾ ಕೊಡುತ್ತಾರೆ. ದೇಶ ಬೇರೆ, ನಿಜ. ಬಡತನ ಒಂದೇ ತರಹದ್ದು, ಕಿತಾಬೂ ಒಂದೇ.

ಇಲ್ಲಿ ಆಲಿಮ್ ಸಾಹೇಬರು ಒಂದು ಮಾತು ಎತ್ತುತ್ತಾರೆ. ಸರಿಯಾಗಿಯೇ ಎತ್ತುತ್ತಾರೆ. ಜಕಾತ್ ಹಣವನ್ನು ಬಡವನ ಕೈಗೆ ಅವನದೇ ಅಂತ ಕೊಟ್ಟುಬಿಡಬೇಕು, ಸಾಲ ಅಂತ ಕೊಟ್ಟು ವಾಪಸ್ ಪಡೆಯುವ ಹಾಗಿಲ್ಲ ಅಂತ ನಮ್ಮ ಕಡೆ ಜಾಸ್ತಿ ನಡೆಯುವ ಹನಫಿ ಫಿಕ್ಹ್ (ಇಮಾಮ್ ಅಬೂ ಹನೀಫಾ ಅವರ ಪರಂಪರೆಯ ಧರ್ಮಶಾಸ್ತ್ರ) ಹೇಳುತ್ತದೆ. ಅದರಲ್ಲಿ ಕಟ್ಟಡ ಕಟ್ಟುವ ಹಾಗೂ ಇಲ್ಲ. ಆಗಲಿ. ಸಾಲದ ನಿಧಿಗೆ ಸದಕಾ ಹಣ ಇಡೋಣ, ದಾನಿಗಳು ವಕ್ಫ್ ಮಾಡಿದ ನಗದು ಇಡೋಣ. ನಗದನ್ನು ವಕ್ಫ್ ಮಾಡಬಹುದು ಅಂತ ಇಮಾಮ್ ಅಬೂ ಹನೀಫಾ ಅವರ ಶಿಷ್ಯ ಇಮಾಮ್ ಝುಫರ್ ಅವರ ಅಭಿಪ್ರಾಯ ಇದೆ. ಅದನ್ನೇ ಆಧಾರ ಮಾಡಿಕೊಂಡು ಒಟ್ಟೋಮನ್ ಕಾಲದಲ್ಲಿ ಸಾವಿರಾರು ನಗದು ವಕ್ಫ್‌ಗಳು ನಡೆದವು. ಅವುಗಳಲ್ಲಿ ಹಲವು ನಿಗದಿತ ಲಾಭ ವಸೂಲಿ ಮಾಡುತ್ತಿದ್ದವು, ಅದರ ಮೇಲೆ ಆಗಲೇ ದೊಡ್ಡ ವಾದ ಎದ್ದಿತ್ತು. ಆ ದಾರಿ ನಮಗೆ ಬೇಡ. ಕೊಟ್ಟಷ್ಟೇ ವಾಪಸ್ ಬರಲಿ, ಮತ್ತೊಬ್ಬರಿಗೆ ಹೋಗಲಿ.

ಜಕಾತ್‌ಗೂ ಇದರಲ್ಲಿ ಕೆಲಸ ಇದೆ. ಜಕಾತ್ ಯಾರಿಗೆ ಸಲ್ಲಬೇಕು ಅಂತ ಸೂರಾ ತೌಬಾ ಎಂಟು ಬಾಬುಗಳನ್ನು ಹೇಳುತ್ತದೆ. ಅದರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಈ ಬಾಬಿಗೆ ನಮ್ಮ ಊರುಗಳಲ್ಲಿ ಎಷ್ಟು ಹಣ ಹೋಗುತ್ತದೆ? ರಂಜಾನಿನಲ್ಲಿ ರೇಷನ್ ಕಿಟ್ ಹಂಚುತ್ತೇವೆ. ಅದು ಬೇಡ ಅನ್ನುತ್ತಿಲ್ಲ, ಹಸಿದವರಿಗೆ ಮೊದಲು ಊಟ. ಆದರೆ ವರ್ಷ ವರ್ಷವೂ ಅದೇ ಮನೆಗಳು ಅದೇ ಸಾಲಿನಲ್ಲಿ ನಿಲ್ಲುತ್ತವೆ ಅಲ್ವಾ? 5 ಲಕ್ಷ ಉಳಿತಾಯ ಇರುವವರು 2.5%ರಂತೆ 12,500 ರೂಪಾಯಿ ಜಕಾತ್ ಕೊಡಬೇಕು. ಅಂಥವರು ನಾಲ್ಕೈದು ಜನ ಸೇರಿದರೆ ಒಬ್ಬ ಹೆಣ್ಣುಮಗಳ ಸಾಲ ಪೂರ್ತಿ ಹರಿಯುತ್ತದೆ. ಮುಂದಿನ ವರ್ಷ ಆಕೆ ಸಾಲಿನಲ್ಲಿ ನಿಲ್ಲುವುದಿಲ್ಲ.

ಬೆಳೆಯ ಜಕಾತ್ ಬಗ್ಗೆಯೂ ಹೇಳಬೇಕು. ಇದನ್ನು ನಮ್ಮ ರೈತರ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಮಳೆ ನೀರಿನಲ್ಲಿ ಬೆಳೆದ ಬೆಳೆಗೆ ಹತ್ತರಲ್ಲಿ ಒಂದು ಪಾಲು, ನೀರು ಎತ್ತಿ ಹಾಯಿಸಿ ಬೆಳೆದ ಬೆಳೆಗೆ ಇಪ್ಪತ್ತರಲ್ಲಿ ಒಂದು ಪಾಲು. ದುಡಿಮೆ ಮತ್ತು ಖರ್ಚು ಜಾಸ್ತಿ ಇದ್ದಲ್ಲಿ ಪಾಲು ಅರ್ಧಕ್ಕೆ ಇಳಿಯುತ್ತದೆ. ಸಾವಿರದ ನಾನ್ನೂರು ವರ್ಷಗಳ ಹಿಂದೆಯೇ ಮಳೆ, ಮಣ್ಣು, ಮನುಷ್ಯನ ಬೆವರು ಮೂರನ್ನೂ ಲೆಕ್ಕಕ್ಕೆ ಹಿಡಿದ ವ್ಯವಸ್ಥೆ ಇದು. ಎಷ್ಟು ಬಂತು ಅಂತ ಮಾತ್ರವಲ್ಲ, ಹೇಗೆ ಬಂತು ಅಂತಲೂ ಕೇಳುತ್ತದೆ. ಇಸ್ಲಾಮಿನ ಆರ್ಥಿಕ ಚಿಂತನೆ ಅಂದಾಗ ನನಗೆ ಮೊದಲು ನೆನಪಾಗುವುದು ಈ ಲೆಕ್ಕವೇ.

ಇನ್ನು ವಕ್ಫ್. ಪ್ರವಾದಿಯವರ ಸಂಗಡಿಗ ಹಜರತ್ ಉಮರ್ ಅವರಿಗೆ ಖೈಬರಿನಲ್ಲಿ ಒಳ್ಳೆಯ ಜಮೀನು ಸಿಕ್ಕಿತು. ಏನು ಮಾಡಲಿ ಅಂತ ಪ್ರವಾದಿಯವರನ್ನು (ಸ) ಕೇಳಿದರು. ಅಸಲನ್ನು ಹಾಗೇ ಇಟ್ಟು ಅದರ ಫಲವನ್ನು ದಾನ ಮಾಡು ಅನ್ನುವ ಸಲಹೆ ಬಂತು. ಮಾರುವ ಹಾಗಿಲ್ಲ, ಉಡುಗೊರೆ ಕೊಡುವ ಹಾಗಿಲ್ಲ, ಮಕ್ಕಳಿಗೆ ಪಾಲು ಮಾಡುವ ಹಾಗಿಲ್ಲ. ಬಂದ ಬೆಳೆ ಬಡವರಿಗೆ, ದಾರಿಹೋಕರಿಗೆ, ನೆಂಟರಿಗೆ. 1987ರಲ್ಲಿ ವಿಶ್ವಸಂಸ್ಥೆ ನೇಮಿಸಿದ ಆಯೋಗ ಒಂದು ವರದಿ ಕೊಟ್ಟಿತು. ಮುಂದಿನವರ ಅಗತ್ಯಕ್ಕೆ ಕುತ್ತು ತರದೆ ಇವತ್ತಿನವರ ಅಗತ್ಯ ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಅಂತ ಅದು ಹೇಳಿತು. 2015ರಲ್ಲಿ ಜಗತ್ತಿನ ದೇಶಗಳೆಲ್ಲ ಒಪ್ಪಿದ 17 ಗುರಿಗಳ ಹಿಂದೆಯೂ ಇದೇ ಮಾತಿದೆ. ಉಮರ್ ಅವರ ತೋಟದಲ್ಲಿ ನಡೆದದ್ದೂ ಇದೇ ಅಲ್ಲವೇ? ಮದೀನಾದಲ್ಲಿ ನೀರು ಮಾರಾಟವಾಗುತ್ತಿದ್ದಾಗ ಹಜರತ್ ಉಸ್ಮಾನ್ ರೂಮಾ ಬಾವಿಯನ್ನು ಸ್ವಂತ ಹಣದಲ್ಲಿ ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ವಕ್ಫ್ ಅಂದರೆ ಇಂಥದ್ದು.

ನಮ್ಮ ವಕ್ಫ್‌ನ ಸ್ಥಿತಿ ಏನು? ದೇಶದ ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿಯ 2006ರ ವರದಿ ಬಂದು ಎಷ್ಟು ಕಾಲವಾಯಿತು. ದೇಶದಲ್ಲಿ ಆಗ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳು, ಸುಮಾರು 6 ಲಕ್ಷ ಎಕರೆ ಜಮೀನು. ಮಾರುಕಟ್ಟೆ ಬೆಲೆ 1.2 ಲಕ್ಷ ಕೋಟಿ ರೂಪಾಯಿ ಅಂತ ಅಂದಾಜು. 10% ಆದಾಯ ಬಂದರೂ ವರ್ಷಕ್ಕೆ 12,000 ಕೋಟಿ ಆಗಬೇಕಿತ್ತು. ಬರುತ್ತಿದ್ದದ್ದು ಸುಮಾರು 163 ಕೋಟಿ. ಈ ಅಂತರಕ್ಕೆ ಒತ್ತುವರಿ ಕಾರಣ, ಹಳೇ ಕಾಲದ ಬಾಡಿಗೆ ಕಾರಣ, ಒಳಗಿನವರ ನಿರ್ಲಕ್ಷ್ಯವೂ ಕಾರಣ. ಪೇಟೆಯ ನಡುವೆ ವಕ್ಫ್ ಮಳಿಗೆ ಕವಡೆ ಕಾಸಿಗೆ ಬಾಡಿಗೆ ಹೋಗುತ್ತಿರುವುದನ್ನು ಪ್ರತಿ ಊರಿನವರೂ ತೋರಿಸಬಲ್ಲರು. ಹೊರಗಿನವರನ್ನು ದೂರುವ ಮೊದಲು ಈ ಬಾಡಿಗೆ ಪುಸ್ತಕ ತೆಗೆದು ನೋಡಬೇಕು.

2024ರ ವಿಷಯವನ್ನೂ ಬಿಟ್ಟು ಮುಂದೆ ಹೋಗಲಾರೆ. ವಿಜಯಪುರ ಜಿಲ್ಲೆಯಲ್ಲಿ ಜಮೀನು ವಕ್ಫ್‌ನದು ಅಂತ ರೈತರಿಗೆ ನೋಟಿಸ್ ಹೋದವು, ಗಲಾಟೆಯಾಯಿತು, ಮುಖ್ಯಮಂತ್ರಿಗಳು ನೋಟಿಸ್ ವಾಪಸ್ ಪಡೆಯಿರಿ ಅಂದರು. ದಾಖಲೆ ಯಾರ ಕಡೆ ಇದೆ ಅನ್ನುವುದನ್ನು ಕೋರ್ಟು ನೋಡಲಿ. ಆದರೆ ತಲೆಮಾರುಗಳಿಂದ ಉಳುತ್ತಿರುವ ಬಡ ರೈತನಿಗೆ, ಅವನು ಯಾವ ಜಾತಿಯವನೇ ಆಗಲಿ, ಮೊದಲು ತಲುಪಬೇಕಾದ್ದು ನೋಟಿಸ್ ಅಲ್ಲ, ಮಾತು. ಉಳುವವನನ್ನು ಹೆದರಿಸಿ ವಕ್ಫ್ ಉಳಿಸುವುದಕ್ಕಾಗುವುದಿಲ್ಲ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಬಗ್ಗೆ ನನಗೂ ಆತಂಕ ಇದೆ. ಅದರ ಹೋರಾಟ ಕೋರ್ಟಿನಲ್ಲಿ, ಬೀದಿಯಲ್ಲಿ ನಡೆಯಲಿ. ನಮ್ಮ ಕೈಯಲ್ಲೇ ಇರುವ ಆಸ್ತಿಯನ್ನು ನೆಟ್ಟಗೆ ನಡೆಸಲು ಮಾತ್ರ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.

ನೀರಿನಿಂದ ಶುರು ಮಾಡಬಹುದು. ಹರಿಯುವ ನದಿಯ ದಂಡೆಯಲ್ಲಿ ವುಜು (ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆಯುವುದು) ಮಾಡುತ್ತಿದ್ದರೂ ನೀರು ಪೋಲು ಮಾಡಬೇಡಿ ಅನ್ನುವ ಹದೀಸ್ ನಿಮಗೆ ಗೊತ್ತಿದೆ. ಪ್ರವಾದಿಯವರು (ಸ) ಒಂದು ಮುದ್ದ್ ನೀರಿನಲ್ಲಿ ವುಜು ಮುಗಿಸುತ್ತಿದ್ದರು, ಅಂದರೆ ಮುಕ್ಕಾಲು ಲೀಟರಿಗೂ ಕಡಿಮೆ. ನಾವು ನಲ್ಲಿ ಪೂರ್ತಿ ತಿರುವಿ ಕೂತರೆ ಐದಾರು ಲೀಟರ್ ಸುಮ್ನೆ ಹೋಗುತ್ತದೆ. ದಿನಕ್ಕೆ ಐದು ಹೊತ್ತು, ನೂರಾರು ಜನ. ಸಾಬೂನು ಸೇರದ ಈ ನೀರು ನೇರ ಚರಂಡಿಗೆ ಹೋಗುತ್ತಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಎಷ್ಟು ಮಸೀದಿಗಳು ಟ್ಯಾಂಕರ್ ತರಿಸಿದವು ಅಂತ ನೀವೇ ಬಲ್ಲಿರಿ. ವುಜು ನೀರನ್ನು ಒಂದು ಇಂಗುಗುಂಡಿಗೋ ಖಬರಸ್ತಾನದ ಗಿಡಗಳಿಗೋ ತಿರುಗಿಸಲು ಒಂದು ಪೈಪು ಸಾಕು. ಮಸೀದಿಯ ಚಾವಣಿಯ ಮಳೆ ನೀರಿಗೂ ಅಷ್ಟೇ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ವಿಜಯಪುರದಲ್ಲಿ ತಾಜ್ ಬಾವಡಿ ಇದೆ. ನೀರನ್ನು ಇಷ್ಟು ಜೋಪಾನ ಮಾಡಿದ ಊರುಗಳಲ್ಲಿ ನಾವು ಇದ್ದೇವೆ.

ಬೇರೆ ದೇಶಗಳಲ್ಲಿ ಈ ಕೆಲಸ ಮುಂದೆ ಹೋಗಿದೆ. ಇಂಡೋನೇಷ್ಯಾದ ಜಾಂಬಿ ಪ್ರಾಂತ್ಯದಲ್ಲಿ ಕರೆಂಟ್ ಇಲ್ಲದ ಒಳನಾಡಿನ ಹಳ್ಳಿಗಳಿಗೆ ಹೊಳೆಯ ನೀರಿನಿಂದ ವಿದ್ಯುತ್ ತಯಾರಿಸುವ ಸಣ್ಣ ಘಟಕಗಳು ಬಂದವು. ಅದಕ್ಕೆ ಅಲ್ಲಿನ ಸರ್ಕಾರಿ ಜಕಾತ್ ಸಂಸ್ಥೆ ಬಾಜ್ನಾಸ್, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಸೇರಿ ಜಕಾತ್ ಹಣ ಹಾಕಿತು. 2018ರಲ್ಲಿ ಅದೇ ಇಂಡೋನೇಷ್ಯಾ ಸರ್ಕಾರ 125 ಕೋಟಿ ಡಾಲರ್‌ಗಳ ಹಸಿರು ಸುಕೂಕ್ (ಪರಿಸರದ ಕೆಲಸಗಳಿಗೆ ಹಣ ಎತ್ತುವ ಪತ್ರ) ಹೊರಡಿಸಿತು. ಸುಕೂಕ್‌ನಲ್ಲಿ ಹಣ ಹಾಕಿದವರಿಗೆ ಬಡ್ಡಿಯ ಬದಲು ಆಸ್ತಿಯ ಆದಾಯದಲ್ಲಿ ಪಾಲು. ಮಲೇಷ್ಯಾದಲ್ಲಿ ಅದಕ್ಕಿಂತ ಒಂದು ವರ್ಷ ಮೊದಲು ಸಬಾ ರಾಜ್ಯದ ಸೋಲಾರ್ ಯೋಜನೆಗೆ ಹೀಗೇ ಹಣ ಎತ್ತಿದ್ದರು. ಇದೆಲ್ಲವನ್ನೂ ಕಣ್ಣು ಮುಚ್ಚಿ ಹೊಗಳಲಾರೆ. ಇಸ್ಲಾಮಿಕ್ ಬ್ಯಾಂಕ್ ಅನ್ನುವ ಬೋರ್ಡಿನ ಕೆಳಗೆ ನಡೆಯುವ ವ್ಯವಹಾರದಲ್ಲಿ ಬಹುಪಾಲು ಸಾಮಾನು ಕೊಂಡು ಲಾಭ ಸೇರಿಸಿ ಕಂತಿನಲ್ಲಿ ಮಾರುವುದು. ಕಂತು ಕಟ್ಟುವವನಿಗೆ ಬಡ್ಡಿಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹೆಸರು ಬದಲಾದರೆ ಸಾಲದು. ನಷ್ಟದಲ್ಲೂ ಪಾಲು ತೆಗೆದುಕೊಂಡಾಗ ಮಾತ್ರ ಅದು ನಮ್ಮ ದೀನು ಹೇಳುವ ಪಾಲುದಾರಿಕೆ.

ಈ ಮಾತು ಬೆಂಗಳೂರಿನವರಿಗೆ ನಾನು ಹೇಳಬೇಕಿಲ್ಲ. 2019ರ ಜೂನ್‌ನಲ್ಲಿ ಅಲ್ಲಿನ ಹೂಡಿಕೆ ಕಂಪನಿ ಐಎಂಎ ಮುಳುಗಿತು. ಹಲಾಲ್ ಹೂಡಿಕೆ ಅಂತ ನಂಬಿ ಹತ್ತಾರು ಸಾವಿರ ಜನ ದುಡ್ಡು ಇಟ್ಟಿದ್ದರು. ಮಗಳ ಮದುವೆಯ ಒಡವೆ, ನಿವೃತ್ತಿಯ ಹಣ, ಗಲ್ಫಿನಲ್ಲಿ ದುಡಿದ ಗಂಡ ಕಳಿಸಿದ್ದು. ತಿಂಗಳು ತಿಂಗಳೂ ತಪ್ಪದೆ ಲಾಭ ಬರುತ್ತದೆ ಅಂದಾಗಲೇ ಯಾರಾದರೂ ಎದ್ದುನಿಂತು ಪ್ರಶ್ನೆ ಕೇಳಬೇಕಿತ್ತು. ನಿಜವಾದ ಮುದಾರಬಾದಲ್ಲಿ, ಅಂದರೆ ಒಬ್ಬರ ಹಣ ಇನ್ನೊಬ್ಬರ ದುಡಿಮೆ ಸೇರಿದ ಪಾಲುದಾರಿಕೆಯಲ್ಲಿ, ಲಾಭಕ್ಕೆ ಗ್ಯಾರಂಟಿ ಕೊಡುವ ಹಾಗೇ ಇಲ್ಲ. ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ, ಒಮ್ಮೊಮ್ಮೆ ನಷ್ಟ. ಇದನ್ನು ಜನರಿಗೆ ಹೇಳಬೇಕಾದ ಮಿಂಬರ್‌ಗಳು (ಮಸೀದಿಯ ಪ್ರವಚನ ಪೀಠಗಳು) ಆಗ ಎಷ್ಟು ಕಡೆ ಸುಮ್ಮನಿದ್ದವು! ಆ ಗಾಯ ಇನ್ನೂ ಹಸಿ ಇದೆ. ಹಾಗಾಗಿ ನಾನು ಕೇಳುತ್ತಿರುವ ನಿಧಿಯಲ್ಲಿ ಲಾಭದ ಮಾತೇ ಬೇಡ. ಯಾರಿಗೂ ಏನೂ ಹೆಚ್ಚು ಬರುವುದಿಲ್ಲ ಅಂತ ಮೊದಲ ದಿನವೇ ಬರೆದು ಹಾಕಿ. ಲೆಕ್ಕವನ್ನು ಹೊರಗಿನ ಆಡಿಟರ್ ನೋಡಲಿ.

ಕಾನೂನಿನ ದಾರಿಯೂ ಇದೆ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕು ಅಂದಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಕೈಬಿಟ್ಟಿತು. ಬ್ಯಾಂಕ್ ಬರಲಿ ಅಂತ ಕಾಯುವುದು ಬೇಡ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಕಾಯ್ದೆ ಇದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆಯೂ ಇದೆ. ಸದಸ್ಯರು, ಚುನಾವಣೆ, ವರ್ಷಕ್ಕೊಮ್ಮೆ ಆಡಿಟ್, ಸರ್ವಸದಸ್ಯರ ಸಭೆ. ಹೀಗೆ ನೋಂದಣಿಯಾದ ಸಂಘ ಬಡ್ಡಿ ಇಲ್ಲದೆ ಕೆಲಸ ಮಾಡಲಿ, ಕಚೇರಿ ಖರ್ಚನ್ನು ದಾನಿಗಳು ಹೊರಲಿ. ವಕ್ಫ್ ಮಂಡಳಿಯವರು ಇದಕ್ಕೆ ಒಂದು ಮಾದರಿ ಬೈಲಾ ಬರೆಸಿ ಎಲ್ಲ ಜಿಲ್ಲೆಗಳಿಗೆ ಕಳಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಸಾಲ ಎಲ್ಲ ಧರ್ಮದವರಿಗೂ ಸಿಗಲಿ ಅಂತ ಒತ್ತಿ ಹೇಳುತ್ತೇನೆ. ನಾನು ಲೆಕ್ಕ ಬರೆಯುವ ಸಂಘಗಳಲ್ಲಿ ಲಿಂಗಾಯತರು, ಕುರುಬರು, ದಲಿತರು, ನಮ್ಮವರು ಎಲ್ಲ ಒಂದೇ ಗುಂಪಿನಲ್ಲಿ ಇರುತ್ತಾರೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಸೇರಿ ತುಂಬಬೇಕು. ಫಾತಿಮಾಳ ಕಂತನ್ನು ಪಕ್ಕದ ಮನೆಯ ಬಸವ್ವ ತುಂಬಿದ್ದು ನಮ್ಮ ಊರಿಗೆ ಹೊಸದಲ್ಲ. ಅಂಥ ಬಸವ್ವನಿಗೆ ಆಸ್ಪತ್ರೆ ಖರ್ಚು ಬಂದಾಗ ಮಸೀದಿಯ ನಿಧಿ ಬಾಗಿಲು ಹಾಕಿಕೊಳ್ಳಬಾರದು. ಜಕಾತ್‌ಗೆ ಅದರದೇ ನಿಯಮ ಇರಲಿ. ಸದಕಾಕ್ಕೆ, ಸಾಲಕ್ಕೆ, ನೀರಿಗೆ ಅಂಥ ಗೋಡೆ ಇಲ್ಲ.

ಇನ್ನೊಂದು. ನಿಮ್ಮ ಕಮಿಟಿಗಳಲ್ಲಿ ಹೆಣ್ಣುಮಕ್ಕಳಿಲ್ಲ. ಸಾಲದ ಮೇಜಿನಲ್ಲಿ ಗಂಡಸರು ಮಾತ್ರ ಕೂತರೆ ನಮ್ಮ ಹೆಂಗಸರು ಬಾಯಿ ಬಿಡುವುದಿಲ್ಲ. ಯಾರಿಗೆ ಎಷ್ಟು ಸಾಲ ಇದೆ ಅಂತ ಗಂಡನಿಗೇ ಹೇಳದವರು ನಿಮಗೆ ಹೇಳುತ್ತಾರೆಯೇ? ಆ ಮೇಜಿನಲ್ಲಿ ಕಡೇ ಪಕ್ಷ ಇಬ್ಬರು ಹೆಣ್ಣುಮಕ್ಕಳು ಇರಲಿ. ಲೆಕ್ಕ ಬಲ್ಲವರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಸಂಘ ನಡೆಸಿ ಪಳಗಿದವರು ಅವರು.

ರಂಜಾನ್ ಬರುವ ಮೊದಲು, ಶಾಬಾನ್ ತಿಂಗಳಲ್ಲೇ, ಮೂರು ಕೆಲಸ ಆಗಲಿ ಅಂತ ಕೇಳುತ್ತೇನೆ. ಕಳೆದ ವರ್ಷ ಎಷ್ಟು ಹಣ ಬಂತು, ಯಾವ ಬಾಬಿಗೆ ಎಷ್ಟು ಹೋಯಿತು, ವಕ್ಫ್ ಮಳಿಗೆಗಳಿಂದ ಎಷ್ಟು ಬಾಡಿಗೆ ಅಂತ ಒಂದು ಹಾಳೆಯಲ್ಲಿ ಬರೆದು ಮಸೀದಿಯ ಬಾಗಿಲಲ್ಲಿ ಹಚ್ಚಿ. ಹಣ ಪಡೆದವರ ಹೆಸರು ಮಾತ್ರ ಬೇಡ, ಅವರ ಮರ್ಯಾದೆ ಉಳಿಯಬೇಕು. ಮೊಹಲ್ಲಾದಲ್ಲಿ ಬಡ್ಡಿಯ ಕಂತಿಗೆ ಸಿಕ್ಕಿಕೊಂಡ ಮನೆಗಳು ಎಷ್ಟು ಅಂತ ಹೆಣ್ಣುಮಕ್ಕಳ ಕೈಯಲ್ಲಿ ಒಂದು ಎಣಿಕೆ ಮಾಡಿಸಿ. ಬಡ್ಡಿಯಿಲ್ಲದ ಸಾಲಕ್ಕೆ ಅಂತಲೇ ಒಂದು ಬೇರೆ ಖಾತೆ ತೆರೆಯಿರಿ, ಮೊದಲ ಹಣವನ್ನು ಕಮಿಟಿಯ ಸದಸ್ಯರೇ ಹಾಕಿ. ಹಾವೇರಿ ಜಿಲ್ಲೆಯ ಯಾವ ಮಸೀದಿ ಕರೆದರೂ ಆ ಖಾತೆಯ ಪುಸ್ತಕವನ್ನು ಬರೆದುಕೊಡಲು ನಾನು ಬರುತ್ತೇನೆ. ಅದಕ್ಕೆ ಸಂಬಳ ಬೇಡ.

ವಸ್ಸಲಾಮ್,

ಸಂಘಗಳ ಲೆಕ್ಕ ಬರೆಯುವ ನಿಮ್ಮ ತಂಗಿ,
ಹಾವೇರಿ ಜಿಲ್ಲೆ